ತೊಗಟೆ ಸೀಸ ಹಿಡಿಯುವುದು ನಿಜ, ಆದರೆ ಕುಡಿಯುವ ನೀರಿಗೆ ಹಾಕಬೇಡಿ

ಪ್ರಶ್ನೆ: ನಮ್ಮದು ಮಾಲೂರು ಕಡೆ ಹಳ್ಳಿ. ನೀಲಗಿರಿ ಕಡಿದಾಗ ತೊಗಟೆ ಸುಲಿದು ಹೊಲದಲ್ಲೇ ರಾಶಿ ಹಾಕಿ ಹೋಗುತ್ತಾರೆ. ಮರದ ತೊಗಟೆ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂ ಎಲ್ಲ ಹೀರಿಕೊಳ್ಳುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಮ್ಮ ಬೋರ್‌ವೆಲ್ ನೀರಿಗೆ ಹಾಕಬಹುದಾ? (ಒಬ್ಬ ರೈತರು, ಮಾಲೂರು)

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ವಾಟ್ಸಾಪ್‌ನಲ್ಲಿ ಬಂದದ್ದು ಸುಳ್ಳಲ್ಲ, ಆದರೂ ಕುಡಿಯುವ ನೀರಿಗೆ ಹಾಕಬೇಡಿ.

ತೊಗಟೆಯಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ಇರುತ್ತದೆ. ನಮ್ಮ ಕಡೆ ತೊಗಲು ಹದ ಮಾಡುವವರು ತಂಗಡಿ, ಕರಿಜಾಲಿ ತೊಗಟೆ ಬಳಸುತ್ತಿದ್ದದ್ದು ಇದೇ ಒಗರಿಗಾಗಿ. ಇದಕ್ಕೆ ಲೋಹವನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಇದೆ. ಈಳಿಗೆ ಮಣೆಯಲ್ಲಿ ಬಾಳೆಕಾಯಿ ಹೆಚ್ಚಿದಾಗ ಕಪ್ಪಾಗುತ್ತದಲ್ಲ, ಅದರಲ್ಲಿ ಒಗರು ಮತ್ತು ಕಬ್ಬಿಣ ಕೂಡಿಕೊಂಡು ಆಗುವ ಕಪ್ಪೂ ಸೇರಿದೆ. ನೀರಿನಲ್ಲಿ ಕರಗಿದ ಸೀಸ, ತಾಮ್ರ, ಕ್ಯಾಡ್ಮಿಯಂಗಳನ್ನೂ ತೊಗಟೆ ಹೀಗೇ ಹಿಡಿಯುತ್ತದೆ, ಹಿಡಿಯುವಾಗ ತನ್ನಲ್ಲಿದ್ದ ಹೈಡ್ರೋಜನ್ ಅಥವಾ ಕ್ಯಾಲ್ಸಿಯಂ ಅಯಾನುಗಳನ್ನು (ವಿದ್ಯುತ್ ಆವೇಶ ಇರುವ ಕಣಗಳನ್ನು) ನೀರಿಗೆ ಬಿಟ್ಟುಕೊಡುತ್ತದೆ. ಸೀಸ ಚೆನ್ನಾಗಿ ಅಂಟುತ್ತದೆ. ಸತು, ನಿಕಲ್ ಅಷ್ಟಾಗಿ ಅಂಟುವುದಿಲ್ಲ. ಇದು ಹೊಸ ವಿಷಯವೂ ಅಲ್ಲ, 1970ರ ದಶಕದಲ್ಲೇ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಗಣಿ ಮತ್ತು ಕಾರ್ಖಾನೆಗಳ ಕೊಳಕು ನೀರಿನಿಂದ ಲೋಹ ತೆಗೆಯಲು ತೊಗಟೆ, ಕಡಲೆಕಾಯಿ ಸಿಪ್ಪೆಯಂಥ ತ್ಯಾಜ್ಯವನ್ನೆಲ್ಲ ಪರೀಕ್ಷಿಸಿದ್ದರು.

ಹಾಗಾದರೆ ಬೋರ್‌ವೆಲ್‌ಗೆ ಯಾಕೆ ಬೇಡ? ಇಂಥ ಎಷ್ಟೋ ಪರೀಕ್ಷೆ ನಡೆಯುವುದು ಶುದ್ಧ ನೀರಿಗೆ ಒಂದೇ ಲೋಹ ಬೆರೆಸಿ. ನಿಮ್ಮ ಬೋರ್‌ವೆಲ್ ನೀರು ಹಾಗಿರಲ್ಲ. ಗಡಸು ನೀರಿನಲ್ಲಿ ಲೀಟರಿಗೆ ನೂರಾರು ಮಿಲಿಗ್ರಾಂ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರುತ್ತದೆ, ಆದರೆ ಸೀಸಕ್ಕೆ ನಮ್ಮ ಭಾರತೀಯ ಮಾನಕ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂಗೆ 0.003. ಅಷ್ಟೊಂದು ಕ್ಯಾಲ್ಸಿಯಂ ನಡುವೆ ಅಷ್ಟು ಚೂರು ಸೀಸವನ್ನೇ ಆರಿಸಿ ಹಿಡಿಯೋದು ತೊಗಟೆಗೆ ಕಷ್ಟ. ಅದೂ ಅಲ್ಲದೆ ಹಸಿ ತೊಗಟೆ ನೀರಿಗೆ ಕಂದು ಬಣ್ಣ ಬಿಡುತ್ತದೆ, ನಿಂತರೆ ವಾಸನೆ ಬರುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ನನಗೆ ಜಾಸ್ತಿ ಭಯ ಇರುವುದು ಇನ್ನೊಂದು ವಿಷಯಕ್ಕೆ. ತೊಗಟೆ ಹಿಡಿಯುವಷ್ಟು ಹಿಡಿದಾದ ಮೇಲೆ ನಿಲ್ಲಿಸಿಬಿಡುತ್ತದೆ, ನೀರು ಹುಳಿಯಾದರೆ ಹಿಡಿದದ್ದನ್ನೂ ವಾಪಸ್ ಬಿಡುತ್ತದೆ. ಅದು ಯಾವಾಗ ಆಯಿತು ಅಂತ ಮನೆಯಲ್ಲಿ ಗೊತ್ತಾಗುವುದಿಲ್ಲ, ಯಾಕೆಂದರೆ ಅಷ್ಟು ಸಣ್ಣ ಪ್ರಮಾಣದ ಸೀಸಕ್ಕೆ ಬಣ್ಣ, ರುಚಿ, ವಾಸನೆ ಏನೂ ಇರಲ್ಲ. ಮಕ್ಕಳ ಮಿದುಳಿಗೆ ಹಾನಿ ಮಾಡುವ ಲೋಹ ಅದು, ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಮೊದಲು ನೀರು ಪರೀಕ್ಷೆ ಮಾಡಿಸಿ. ಪಂಚಾಯಿತಿಯವರು ತರುವ ಕಿಟ್‌ನಲ್ಲಿ ಸಾಮಾನ್ಯವಾಗಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ ಗೊತ್ತಾಗುತ್ತದೆ, ಸೀಸ ಗೊತ್ತಾಗುವುದಿಲ್ಲ. ಅದಕ್ಕೆ ದೊಡ್ಡ ಯಂತ್ರ ಇರುವ ಪ್ರಯೋಗಾಲಯವೇ ಬೇಕು. "ಭಾರ ಲೋಹ ಪರೀಕ್ಷೆ ಬೇಕು" ಅಂತ ಬಾಯಿಬಿಟ್ಟು ಕೇಳಿ, ಬಾಟಲಿಯನ್ನೂ ಅವರಿಂದಲೇ ತನ್ನಿ. ಕೋಲಾರ ಜಿಲ್ಲೆ ಆದ್ದರಿಂದ ಫ್ಲೋರೈಡ್ ವರದಿಯನ್ನು ಮರೆಯದೆ ನೋಡಿ. ಫ್ಲೋರೈಡ್ ಲೋಹವೇ ಅಲ್ಲ, ತೊಗಟೆಗೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಕ್ರೋಮ್ ಪ್ಲೇಟಿಂಗ್ ಘಟಕ. ತೊಳೆದ ನೀರಿನಿಂದ ಕ್ರೋಮಿಯಂ ತೆಗೆಯಲು ಕೆಮಿಕಲ್ ಖರ್ಚು ಜಾಸ್ತಿ ಆಗುತ್ತಿದೆ. ನೀಲಗಿರಿ ತೊಗಟೆ ಬಳಸಿದರೆ ನಡೆಯುತ್ತಾ? (ಒಬ್ಬ ಘಟಕ ಮಾಲೀಕರು, ಬೆಂಗಳೂರು)

ಉತ್ತರ: ಇಂಥ ಪ್ರಶ್ನೆ ಬಂದದ್ದು ನಿಜವಾಗಿ ಸಂತೋಷ. ತೊಗಟೆಗೆ ಸರಿಯಾದ ಜಾಗ ಅಂತ ಇದ್ದರೆ ಅದು ನಿಮ್ಮ ಘಟಕದಂಥದ್ದೇ, ಅಂದರೆ ವಿಷ ಹುಟ್ಟುವ ಜಾಗ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಎಲ್ಲರಿಗೂ ಗೊತ್ತಿರುವ ವಿಷಯ, ನೆಲಕ್ಕೆ ಇಳಿದ ಮೇಲೆ ಅದನ್ನು ತೆಗೆಯುವುದು ವರ್ಷಗಟ್ಟಲೆ ಕೆಲಸ.

ಪ್ಲೇಟಿಂಗ್ ನೀರಿನಲ್ಲಿ ಇರುವುದು ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಕ್ರೋಮಿಯಂನ ಕ್ಯಾನ್ಸರ್ ತರುವ ರೂಪ. ನೀರು ಚೆನ್ನಾಗಿ ಹುಳಿಯಾಗಿದ್ದಾಗ, ಪಿಎಚ್ 2ರ ಆಸುಪಾಸಿನಲ್ಲಿ, ನೀಲಗಿರಿ ತೊಗಟೆ ಇದನ್ನು ಚೆನ್ನಾಗಿ ತೆಗೆಯುತ್ತದೆ ಅಂತ ನಮ್ಮ ದೇಶದಲ್ಲೇ ನಡೆದ ಸಂಶೋಧನೆ ತೋರಿಸಿದೆ. ಪ್ಲೇಟಿಂಗ್ ನೀರು ಹೇಗೂ ಹುಳಿ ಇರುತ್ತದೆ ಅನ್ನುವುದು ನಿಮಗೆ ಅನುಕೂಲ. ಆದರೆ ಇಲ್ಲಿ ಆಗುವುದು ಬರೀ ಅಂಟುವ ಕೆಲಸ ಅಲ್ಲ. ತೊಗಟೆಯ ಒಗರು ಆರು ವೇಲೆನ್ಸಿಯದನ್ನು ಮೂರಕ್ಕೆ, ಅಂದರೆ ಕಡಿಮೆ ವಿಷದ ರೂಪಕ್ಕೆ ಇಳಿಸುತ್ತದೆ, ಹಾಗೆ ಇಳಿದದ್ದರಲ್ಲಿ ಸ್ವಲ್ಪ ತೊಗಟೆಯಲ್ಲಿ ಉಳಿಯುತ್ತದೆ, ಸ್ವಲ್ಪ ನೀರಿನಲ್ಲೇ ಹೋಗುತ್ತದೆ. ಹಾಗಾಗಿ ಹಳದಿ ಬಣ್ಣ ಹೋಯಿತು, ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಹೊರಗೆ ಬಿಡುವ ನೀರಿನಲ್ಲಿ ಆರು ವೇಲೆನ್ಸಿಯದ್ದು ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ದಾಟಬಾರದು. ಎರಡನ್ನೂ ಅಳೆಸಿ.

ಈಗ ನೀವು ಮಾಡುತ್ತಿರುವ ಬೈಸಲ್ಫೈಟ್, ಸುಣ್ಣದ ಸಂಸ್ಕರಣೆಯನ್ನು ಬಿಟ್ಟುಬಿಡಿ ಅಂತ ನಾನು ಹೇಳಲಾರೆ. ಒಂದು ಡ್ರಮ್‌ನಲ್ಲಿ ಸಣ್ಣದಾಗಿ ಪ್ರಯೋಗ ಮಾಡಿ ನೋಡಿ. ತೊಗಟೆಯನ್ನು ಬಿಸಿನೀರಿನಲ್ಲಿ ನಾಲ್ಕಾರು ಸಲ ತೊಳೆದು, ಒಣಗಿಸಿ, ರವೆಯಷ್ಟು ದಪ್ಪಕ್ಕೆ ಪುಡಿ ಮಾಡಿಸಿ. ತೀರಾ ನುಣ್ಣಗಾದರೆ ಡ್ರಮ್ ಕಟ್ಟಿಕೊಂಡು ನೀರೇ ಇಳಿಯುವುದಿಲ್ಲ. ಬಣ್ಣ ಬಿಡದಿರಲಿ ಅಂತ ಫಾರ್ಮಾಲ್ಡಿಹೈಡ್ ಹಾಕಿ ಹದ ಮಾಡುವ ವಿಧಾನ ಇದೆ, ಆದರೆ ಅದೇ ಇನ್ನೊಂದು ವಿಷ, ನಿಮ್ಮ ಕೆಲಸದವರು ಅದನ್ನು ಉಸಿರಾಡುವುದು ಬೇಡ.

ಬಳಸಿದ ತೊಗಟೆ ಏನಾಗುತ್ತದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ, ನೀವಾದರೂ ಕೇಳಿಕೊಳ್ಳಿ. ಕ್ರೋಮಿಯಂ ಮಾಯವಾಗಿಲ್ಲ, ನೀರಿನಿಂದ ಚೀಲಕ್ಕೆ ಬಂದಿದೆ ಅಷ್ಟೇ. ಅದು ಅಪಾಯಕಾರಿ ತ್ಯಾಜ್ಯ. ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ. ಯಾರಾದರೂ ಸೌದೆಗೆ ಅಂತ ಕೇಳಿದರೆ ದಯವಿಟ್ಟು ಕೊಡಬೇಡಿ, ಸುಟ್ಟ ಬೂದಿಯಲ್ಲಿ ಅದು ಮತ್ತೆ ಆರು ವೇಲೆನ್ಸಿಗೆ ತಿರುಗಬಹುದು. ನಿಮ್ಮ ಕೆಸರಿನ ಜೊತೆಗೇ, ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗೆ ಕೊಟ್ಟ ವಿಲೇವಾರಿ ಜಾಗಕ್ಕೆ ಕಳಿಸಿ. ಈ ಖರ್ಚನ್ನು ಸೇರಿಸಿ ಲೆಕ್ಕ ಹಾಕಿದ ಮೇಲೂ ಉಳಿತಾಯ ಕಂಡರೆ ಮುಂದುವರಿಯಿರಿ.

ಪ್ರಶ್ನೆ: ಯಾದಗಿರಿ ಕಡೆ ಕೆಲವು ಊರುಗಳ ನೀರಿನಲ್ಲಿ ಆರ್ಸೆನಿಕ್ ಇದೆ. ಅದಕ್ಕೂ ತೊಗಟೆ ಆಗುತ್ತಾ? (ಒಬ್ಬ ಆಶಾ ಕಾರ್ಯಕರ್ತೆ)

ಉತ್ತರ: ಇಲ್ಲಮ್ಮ, ಆಗುವುದಿಲ್ಲ. ಸೀಸಕ್ಕೆ ಧನ ಆವೇಶ ಇರುತ್ತದೆ, ತೊಗಟೆ ಅದನ್ನು ಎಳೆದುಕೊಳ್ಳುತ್ತದೆ. ಆರ್ಸೆನಿಕ್ ಆಮ್ಲಜನಕದ ಜೊತೆ ಸೇರಿ ಋಣ ಆವೇಶದಲ್ಲೋ ಆವೇಶವೇ ಇಲ್ಲದೆಯೋ ಓಡಾಡುತ್ತದೆ, ಬರೀ ತೊಗಟೆಗೆ ಸಿಗುವುದಿಲ್ಲ. ಅದನ್ನು ಹಿಡಿಯುವುದು ಕಬ್ಬಿಣದ ಆಕ್ಸೈಡ್. ಅಂಥ ಊರಿನಲ್ಲಿ ಬೇರೆ ಮೂಲದ ನೀರು ತರಿಸುವುದೇ ಮೊದಲ ದಾರಿ. ಶುದ್ಧ ನೀರಿನ ಘಟಕ ಇದ್ದರೆ, ಘಟಕದಿಂದ ಹೊರಬರುವ ನೀರನ್ನೂ ಆರ್ಸೆನಿಕ್‌ಗೆ ಪರೀಕ್ಷೆ ಮಾಡಿಸಿ ಅಂತ ಪಂಚಾಯಿತಿಗೆ ಬರೆದುಕೊಡಿ.

ಪ್ರಶ್ನೆ: ಕೇರಳದಲ್ಲಿ ನೀರಿಗೆ ಕೆಂಪು ಬಣ್ಣ ಕೊಡುವ ಪತಿಮುಗಂ ಮರದ ಚಕ್ಕೆ ಹಾಕಿ ನೀರು ಕುದಿಸಿ ಕುಡಿಯುತ್ತಾರೆ, ನಾವೂ ಮನೆಯಲ್ಲಿ ಮಾಡುತ್ತೇವೆ. ಲೋಹ ಹೋಗುತ್ತದಾ? ಮರದ ಕೊಂಬೆಯ ಫಿಲ್ಟರ್ ಅಂತ ಒಂದು ವಿಡಿಯೋ ಕೂಡ ನೋಡಿದೆ. (ಒಬ್ಬ ಗೃಹಿಣಿ, ಕಾಸರಗೋಡು)

ಉತ್ತರ: ಕುದಿಸಿದರೆ ರೋಗಾಣು ಸಾಯುತ್ತವೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಲೋಹದ ಪ್ರಮಾಣ ಹೆಚ್ಚುತ್ತದೆ. ಪತಿಮುಗಂ ನೀರು ರುಚಿಗೆ ಕುಡಿಯಿರಿ, ಫಿಲ್ಟರ್ ಅಂತ ನಂಬಬೇಡಿ. ಕೊಂಬೆಯದ್ದು ಬೇರೆ ಕಥೆ. ಅಮೆರಿಕದ ಎಂಐಟಿಯ ರೋಹಿತ್ ಕಾರ್ಣಿಕ್ ತಂಡ 2014ರಲ್ಲಿ ಪೈನ್ ಮರದ ತೊಗಟೆಯ ಕೆಳಗಿನ ಹಸಿ ಕಟ್ಟಿಗೆಯಿಂದ ನೀರು ಸೋಸಿ ತೋರಿಸಿತು, ಆಮೇಲೆ ಉತ್ತರಾಖಂಡದಲ್ಲೂ ಪರೀಕ್ಷೆ ಮಾಡಿದರು. ಅದು ಸಣ್ಣ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ತಡೆಯುತ್ತದೆ, ಕರಗಿದ ಲೋಹವನ್ನಲ್ಲ.

ಪ್ರಶ್ನೆ: ಎಂಟನೇ ತರಗತಿ ಮಕ್ಕಳಿಗೆ ಇದನ್ನು ಶಾಲೆಯಲ್ಲಿ ತೋರಿಸಬಹುದಾ? (ಒಬ್ಬ ಶಿಕ್ಷಕರು, ತೀರ್ಥಹಳ್ಳಿ)

ಉತ್ತರ: ಖಂಡಿತ ತೋರಿಸಿ ಸರ್. ಸೀಸ, ಕ್ರೋಮಿಯಂ ಮುಟ್ಟಲು ಹೋಗಬೇಡಿ, ತಾಮ್ರದ ನೀಲಿ ಉಪ್ಪಾದ ಮೈಲುತುತ್ತ ಸಾಕು. ಅಡಿಕೆಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವ ಊರು ನಿಮ್ಮದು, ಯಾರ ಮನೆಯಲ್ಲಾದರೂ ಸಿಗುತ್ತದೆ. ತೊಗಟೆಯನ್ನು ಸಾಮಿಲ್‌ನಿಂದ ತನ್ನಿ, ನಿಂತ ಮರದಿಂದ ಸುಲಿಯಬೇಡಿ. ಸುತ್ತ ಪೂರ್ತಿ ತೊಗಟೆ ಕಿತ್ತರೆ ಬೇರಿಗೆ ಆಹಾರ ಇಳಿಯುವುದು ನಿಂತು ಮರ ಸಾಯುತ್ತದೆ. ಅಕೇಶಿಯ ತೊಗಟೆ ಆದರೂ ಆದೀತು. ನೀರು ತಿಳಿಯಾಗುವ ತನಕ ಪುಡಿಯನ್ನು ಬಿಸಿನೀರಿನಲ್ಲಿ ತೊಳೆಸಿ, ಇಲ್ಲದಿದ್ದರೆ ಕಂದು ಬಣ್ಣವೇ ಕಾಣುತ್ತದೆ. ಮೈಲುತುತ್ತ ಕರಗಿಸಿದ ತುಂಬಾ ತೆಳುವಾದ ನೀಲಿ ನೀರನ್ನು ಎರಡು ಗಾಜಿನ ಲೋಟಕ್ಕೆ ಹಾಕಿ, ಒಂದಕ್ಕೆ ಮಾತ್ರ ಪುಡಿ ಹಾಕಿ ಆಗಾಗ ಕಲಕುತ್ತಾ ಒಂದು ಗಂಟೆ ಬಿಡಿ, ಆಮೇಲೆ ಎರಡನ್ನೂ ಸೋಸಿ. ಎರಡಕ್ಕೂ ನೀವೇ ಕೆಲವು ಹನಿ ಅಮೋನಿಯಾ ಹಾಕಿದರೆ ತಾಮ್ರ ಇರುವ ಕಡೆ ಗಾಢ ನೀಲಿ ಬರುತ್ತದೆ, ವ್ಯತ್ಯಾಸ ಹಿಂದಿನ ಬೆಂಚಿನವರಿಗೂ ಕಾಣುತ್ತದೆ. ಕೈಗವಸು ಹಾಕಿಸಿ, ಯಾರೂ ಬಾಯಿಗೆ ಇಡದ ಹಾಗೆ ನೋಡಿಕೊಳ್ಳಿ. ಮುಗಿದ ಮೇಲೆ ನೀರನ್ನು ತುಂಗೆಗೋ ಹಳ್ಳಕ್ಕೋ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ. ಸೋಸಿದ ಪುಡಿಯನ್ನೂ ಉಳಿದ ನೀರನ್ನೂ ಹಳೇ ಪ್ಲಾಸ್ಟಿಕ್ ಕ್ಯಾನ್‌ನಲ್ಲಿ ಹಾಕಿ, ಮೇಲೆ ಹೆಸರು ಬರೆದು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದವರನ್ನು ಕೇಳಿ ಅವರ ತ್ಯಾಜ್ಯದ ಜೊತೆ ಸೇರಿಸಿ.