ಮೊದಲ ಬಸ್ಟ್: ಗುಂಡಿ ಆಮೇಲೆ, ಮುಖ ಮೊದಲು

ಪ್ರಶ್ನೆ: ಹುಡುಗನಾಗಿದ್ದಾಗ ಪ್ಲಾಸ್ಟಿಕ್ ಟ್ಯಾಂಕು, ವಿಮಾನ ಜೋಡಿಸಿ ಬಣ್ಣ ಹಚ್ಚುತ್ತಿದ್ದೆ. ಈಗ ನಿವೃತ್ತನಾಗಿದ್ದೇನೆ. ನೆಪೋಲಿಯನ್ನನ ಇಂಪೀರಿಯಲ್ ಗಾರ್ಡ್‌ನ ಗ್ರೆನೇಡಿಯರ್ (ಆಯ್ದ ಸೈನಿಕ) ಒಬ್ಬನ ರೆಸಿನ್ ಬಸ್ಟ್ (ತಲೆಯಿಂದ ಎದೆಯವರೆಗಿನ ಪ್ರತಿಮೆ) ಅನ್ನು ಮಗಳು ತಂದುಕೊಟ್ಟಿದ್ದಾಳೆ. 1/10 ಅಳತೆಯದು. ಜುಲೈಯಲ್ಲಿ ಪ್ರೈಮರ್ (ಬಣ್ಣಕ್ಕೂ ಮುಂಚಿನ ತಳಪದರ) ಸ್ಪ್ರೇ ಮಾಡಿದೆ, ಮೈಯೆಲ್ಲ ರವೆರವೆಯಾಯಿತು. ಅದನ್ನು ತೆಗೆದು ಮತ್ತೆ ಶುರು ಮಾಡಿದೆ. ಈಗ ಕೋಟು ಪರವಾಗಿಲ್ಲ, ಮುಖ ಮಾತ್ರ ಬೊಂಬೆಯದ್ದೇ. ಎಲ್ಲಿ ಸರಿಮಾಡಲಿ?
– ಡೊಂಬಿವಲಿಯ ಓದುಗರು

ಉತ್ತರ: ಮೊದಲು ಪ್ರೈಮರ್ ವಿಷಯ ಮುಗಿಸಿಬಿಡೋಣ. ಗಾಳಿಯಲ್ಲಿ ಅಷ್ಟು ತೇವ ಇರುವಾಗ ಸ್ಪ್ರೇ ಒರಟಾಗಿ ಕೂರುತ್ತದೆ. ಡಬ್ಬಿಯನ್ನು ದೂರ ಹಿಡಿದರೂ ಅಷ್ಟೇ, ಹನಿಗಳು ಬಸ್ಟ್ ಮುಟ್ಟುವ ಮೊದಲೇ ಅರ್ಧ ಒಣಗಿರುತ್ತವೆ. ಮುಂಬೈ ಕಡೆ ಮಳೆಗಾಲ ಮುಗಿಯುವವರೆಗೆ ಬ್ರಶ್ಶಿನಲ್ಲಿ ಹಚ್ಚುವ ಅಕ್ರಿಲಿಕ್ ಪ್ರೈಮರ್ ಬಳಸಿ. ಎರಡು ತೆಳು ಪದರ ಸಾಕು, ಆಮೇಲೆ ಒಂದು ದಿನ ಮುಟ್ಟಬೇಡಿ. ಅದಕ್ಕೂ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೇ ಟೂತ್‌ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಕಿತ್ತು ಬರುತ್ತದೆ. ರೆಸಿನ್ ಉಜ್ಜುವಾಗ ವಾಟರ್‌ಪೇಪರ್ ನೆನೆಸಿಕೊಳ್ಳಿ, ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಎದೆಗೆ ಇಳಿಯಬಾರದು.

ಈಗ ಮುಖ. ನಿಮ್ಮ ಗ್ರೆನೇಡಿಯರನ ತಲೆ 2 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಇರಬಹುದು, ಅಷ್ಟೇ. ಕೋಣೆಯ ದೀಪ ಅಷ್ಟು ಚಿಕ್ಕ ಮುಖದ ಮೇಲೆ ಬೇಕಾದಷ್ಟು ನೆರಳು ಬೀಳಿಸುವುದಿಲ್ಲ. ಹಾಗಾಗಿ ಬೆಳಕನ್ನೂ ನೆರಳನ್ನೂ ನೀವೇ ಬರೆಯಬೇಕು. ಒಂದೇ ಚರ್ಮದ ಬಣ್ಣ ಬಳಿದು ಬಿಟ್ಟರೆ ಅದು ಬೊಂಬೆಯಾಗದೆ ಇನ್ನೇನಾಗುತ್ತದೆ? ಬೆಳಕು ಮೇಲಿನಿಂದ ಬರುತ್ತಿದೆ ಅಂತ ಒಮ್ಮೆ ತೀರ್ಮಾನ ಮಾಡಿ. ಬಸ್ಟ್ ಅನ್ನು ಟೇಬಲ್ ಲ್ಯಾಂಪಿನ ಕೆಳಗೇ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ನಿಮ್ಮ ನಕ್ಷೆ.

ನಡು ಛಾಯೆಯ ಚರ್ಮದ ಬಣ್ಣವನ್ನು ತೆಳುವಾಗಿ ಹಚ್ಚಿದ ಕೂಡಲೇ ಕಣ್ಣು ಮುಗಿಸಿ. ಕಣ್ಣು ತಪ್ಪಿ ಹೊರಗೆ ಹೋದರೂ ಚರ್ಮದ ಬಣ್ಣದಲ್ಲಿ ತಿದ್ದಿಕೊಳ್ಳಬಹುದು, ಅಲ್ವಾ? ಕಣ್ಣಿನ ಬಿಳಿಗೆ ಬಾಟಲಿಯ ಅಚ್ಚ ಬಿಳಿ ಬೇಡ. ಅದಕ್ಕೆ ಸ್ವಲ್ಪ ಚರ್ಮದ ಬಣ್ಣ, ಒಂದು ಚೂರು ಬೂದು ಬೆರೆಸಿ. ಕಣ್ಣಾಲಿಯ ಮೇಲ್ಭಾಗ ಮೇಲಿನ ರೆಪ್ಪೆಯ ಅಡಿಯಲ್ಲಿ ಸ್ವಲ್ಪ ಮರೆಯಾಗಿರಬೇಕು. ಪೂರ್ತಿ ದುಂಡಗೆ ಬರೆದರೆ ಬೆಚ್ಚಿಬಿದ್ದವನ ಹಾಗೆ ಕಾಣುತ್ತಾನೆ. ನೋಟವನ್ನು ಒಂದು ಪಕ್ಕಕ್ಕೆ ತಿರುಗಿಸಿದರೆ ಎರಡೂ ಕಣ್ಣು ಹೊಂದಿಸುವುದು ಸುಲಭ.

ನೆರಳಿಗೆ ಕಪ್ಪು ಬೆರೆಸಬೇಡಿ, ಚರ್ಮ ಕೊಳೆಯಾಗುತ್ತದೆ. ಕೆಂಪು ಕಂದು ಬೆರೆಸಿ, ತೀರಾ ಆಳದಲ್ಲಿ ಸ್ವಲ್ಪ ನೀಲಿ. ಹುಬ್ಬಿನ ಕೆಳಗೆ, ಮೂಗಿನ ಅಡಿ, ಕೆಳತುಟಿಯ ಕೆಳಗೆ, ಗದ್ದದ ಅಡಿ ಅದನ್ನು ಕೊಡಿ. ಬೆಳಕಿಗೆ ಬರೀ ಬಿಳಿ ಬೆರೆಸಿದರೆ ಸುಣ್ಣ ಬಳಿದಂತಾಗುತ್ತದೆ, ತಿಳಿ ಹಳದಿಯೂ ಇರಲಿ. ಮೂಗು, ಕೆನ್ನೆ, ಕಿವಿಗೆ ಕೆಂಪಿನ ಎಳೆ. ಕ್ಷೌರ ಮಾಡಿದ ದವಡೆಗೆ ನೀಲಿ ಬೂದು. ಓಲ್ಡ್ ಗಾರ್ಡ್, ಅಂದರೆ ಇಂಪೀರಿಯಲ್ ಗಾರ್ಡ್‌ನ ಹಿರಿಯ ದಳದವರು, ಹಲವು ಯುದ್ಧ ಕಂಡ ಸೈನಿಕರು. ಬಿಸಿಲು, ಚಳಿ ಎರಡೂ ಆ ಚರ್ಮದಲ್ಲಿ ಕಾಣಲಿ.

ಇದೆಲ್ಲವನ್ನೂ ನೀರಿನಂಥ ಬಣ್ಣದಲ್ಲಿ ಮಾಡಿ. ಒಂದು ಪಾಲು ಬಣ್ಣಕ್ಕೆ ಐದಾರು ಪಾಲು ನೀರು. ಅದ್ದಿದ ಬ್ರಶ್ಶನ್ನು ಟಿಶ್ಯೂ ಮೇಲೆ ಒರೆಸಿದ ಮೇಲೆಯೇ ಮುಖಕ್ಕೆ ತನ್ನಿ, ಇಲ್ಲದಿದ್ದರೆ ಕೆರೆಯಾಗಿ ನಿಲ್ಲುತ್ತದೆ. ಬ್ರಶ್ ಎಲ್ಲಿ ಮೇಲೇಳುತ್ತದೋ ಅಲ್ಲೇ ಬಣ್ಣ ಜಾಸ್ತಿ ಉಳಿಯುತ್ತದೆ. ಅದಕ್ಕೇ ನೆರಳು ಹಚ್ಚುವಾಗ ಎಳೆತ ನೆರಳಿನ ಕಡೆ ಮುಗಿಯಲಿ, ಬೆಳಕು ಹಚ್ಚುವಾಗ ಬೆಳಕಿನ ಕಡೆ. ಇದೊಂದು ಕೈಗೆ ಹತ್ತಿತೆಂದರೆ ಅರ್ಧ ಕೆಲಸ ಆದ ಹಾಗೆ. ಪ್ರತಿ ಪದರ ಒಣಗಲಿ, ಅವಸರ ಬೇಡ.

ಫ್ಯಾನಿನ ಗಾಳಿಗೆ ಬಣ್ಣ ಒಣಗುತ್ತಿದ್ದರೆ ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿ, ಬಣ್ಣವನ್ನು ಆ ಕಾಗದದ ಮೇಲೆ ಬೆರೆಸಿಕೊಳ್ಳಿ. ಮೇಣ ಹಚ್ಚಿದ ಕಾಗದ ನಡೆಯುವುದಿಲ್ಲ, ನೀರು ಮೇಲೆ ಬರುವುದೇ ಇಲ್ಲ. ನಮ್ಮ ಕಡೆ ಬೇಗ ಬೂಷ್ಟು ಹಿಡಿಯುತ್ತದೆ, ನೀರು ಆಗಾಗ ಬದಲಿಸಿ. ತೀರಾ ಸಣ್ಣ ಸೊನ್ನೆ ಸೊನ್ನೆ ನಂಬರಿನ ಬ್ರಶ್ಶಿಗೆ ದುಡ್ಡು ಹಾಕುವ ಬದಲು ಮೊನೆ ಚೂಪಾಗಿ ನಿಲ್ಲುವ ಒಳ್ಳೆಯ 1ನೇ ನಂಬರಿನದೊಂದನ್ನು ಕೊಳ್ಳಿ.

ಕೋಟಿನ ಬಗ್ಗೆ ಎರಡೇ ಮಾತು. ಕಡುನೀಲಿ ಉಣ್ಣೆ ಹೊಳೆಯಬಾರದು, ಗುಂಡಿಗಳು ಹೊಳೆಯಲಿ. ಎದೆಯ ಬಿಳಿ ಪಟ್ಟಿಯನ್ನು ತಿಳಿ ಬೂದಿನಿಂದ ಶುರುಮಾಡಿ, ಅಚ್ಚ ಬಿಳಿ ಅಂಚಿಗೆ ಮಾತ್ರ. ಕರಡಿಚರ್ಮದ ಟೋಪಿಗೂ ಬರೀ ಕಪ್ಪು ಬೇಡ: ಕಪ್ಪುಕಂದು ತಳ, ಮೇಲ್ಭಾಗದಲ್ಲಷ್ಟೇ ಬೂದು ಎಳೆಗಳು.

ಪ್ರಶ್ನೆ: 18ನೇ ಶತಮಾನದ ಮರಾಠಾ ಸವಾರನ ಬಸ್ಟ್ ಮಾಡಬೇಕೆಂದಿದ್ದೇನೆ. ಬಣ್ಣಗಳನ್ನು ಎಲ್ಲಿ ನೋಡಿ ನಿರ್ಧರಿಸಲಿ?
– ಪಿಂಪ್ರಿಯ ಓದುಗರು

ಉತ್ತರ: ಸಿನಿಮಾ ನೋಡಿ ಮಾತ್ರ ಬೇಡ. ನಿಮ್ಮ ಪಕ್ಕದ ಪುಣೆಯಲ್ಲೇ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯ ಇದೆ. ಅಲ್ಲಿನ ಆಯುಧ, ಕವಚಗಳ ಮುಂದೆ ಸಮಾಧಾನವಾಗಿ ನಿಲ್ಲಿ. ಮುಂಬೈಗೆ ಬಂದಾಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಆಯುಧ ವಿಭಾಗವನ್ನೂ ನೋಡಿ. ಹಳೇ ಕಬ್ಬಿಣ ಬೆಳ್ಳಿಯ ಹಾಗೆ ಫಳಫಳ ಅನ್ನುವುದಿಲ್ಲ. ಸರಪಳಿ ಕವಚಕ್ಕೆ ಕಪ್ಪುಕಂದು ತಳ ಕೊಟ್ಟು, ಉಬ್ಬಿದ ಬಳೆಗಳ ಮೇಲೆ ಮಾತ್ರ ಉಕ್ಕಿನ ಬಣ್ಣವನ್ನು ಒಣಬ್ರಶ್ಶಿನಲ್ಲಿ (ಅದ್ದಿದ ಬಣ್ಣವನ್ನು ಬಹುಪಾಲು ಒರೆಸಿಬಿಟ್ಟ ಬ್ರಶ್ಶು) ಸವರಿ.

ಮರಾಠಾ ಸವಾರರಿಗೆಲ್ಲ ಒಂದೇ ಸಮವಸ್ತ್ರ ಇರಲಿಲ್ಲ. ಅದು ನಿಮಗೆ ಅನುಕೂಲವೇ. ಆದರೆ ಆಗಿನ ಬಟ್ಟೆಗೆ ಗಿಡಮೂಲದ ಬಣ್ಣಗಳೇ ಹೆಚ್ಚು: ನೀಲಿ, ಮಂಜಿಷ್ಠದ ಕೆಂಪು, ಅರಿಶಿನದ ಹಳದಿ. ಬಾಟಲಿಯ ಉಗ್ರ ಕಿತ್ತಳೆಯನ್ನು ಹಾಗೇ ಪಗಡಿಗೆ ಬಳಿಯಬೇಡಿ. ಸ್ವಲ್ಪ ಕಂದು ಬೆರೆಸಿ ಇಳಿಸಿಕೊಳ್ಳಿ.