ಖಾಲಿ ಟ್ಯಾಂಕ್ ‘ಫುಲ್’ ಅಂತಿದೆ, ಏನು ಮಾಡಲಿ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಹೋದ ವರ್ಷ ಎಂಟು ವರ್ಷ ಹಳೆಯ ಟ್ರಾವೆಲ್ ಟ್ರೇಲರ್ (ಗಾಡಿಗೆ ಕಟ್ಟಿ ಎಳೆದೊಯ್ಯುವ ಮನೆ) ಒಂದನ್ನು ಕೊಂಡೆವು. ಕೊಳಕು ನೀರು ಬಿಡುವ ಡಂಪ್ ಸ್ಟೇಷನ್‌ನಲ್ಲಿ ಪೂರ್ತಿ ಖಾಲಿ ಮಾಡಿ ಬಂದರೂ, ಟಾಯ್ಲೆಟ್‌ನ ಗಲೀಜು ಸೇರುವ ಬ್ಲ್ಯಾಕ್ ಟ್ಯಾಂಕಿನ ದೀಪ ಮೂರರಲ್ಲಿ ಎರಡು ಭಾಗ ತುಂಬಿದೆ ಎಂದೇ ತೋರಿಸುತ್ತದೆ. ಸ್ನಾನ, ಸಿಂಕಿನ ನೀರು ಸೇರುವ ಗ್ರೇ ಟ್ಯಾಂಕ್ ಬೆಳಿಗ್ಗೆ ಫುಲ್, ಸಂಜೆ ಖಾಲಿ! ಮುಂದಿನ ತಿಂಗಳು ಊರಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ನಾಲ್ವರೂ ಯೊಸೆಮಿಟಿಗೆ ಹೋಗಬೇಕು. ಸೆನ್ಸರ್ ಬದಲಾಯಿಸಲೇಬೇಕಾ?

ಉತ್ತರ: ಈಗಲೇ ಬೇಡ. ನಿಮ್ಮ ಸೆನ್ಸರ್ ಕೆಟ್ಟಿಲ್ಲದೆಯೂ ಇರಬಹುದು, ಅದರ ಮೇಲೆ ಏನೋ ಅಂಟಿಕೊಂಡಿರುವ ಸಾಧ್ಯತೆಯೇ ಜಾಸ್ತಿ.

ಇದು ಕೆಲಸ ಮಾಡುವ ರೀತಿ ತುಂಬ ಸರಳ. ಪ್ಲಾಸ್ಟಿಕ್ ಟ್ಯಾಂಕಿನ ಪಕ್ಕದ ಗೋಡೆಗೆ ಬೇರೆ ಬೇರೆ ಎತ್ತರದಲ್ಲಿ ನಾಲ್ಕು ಸಣ್ಣ ಲೋಹದ ಬೋಲ್ಟ್‌ಗಳನ್ನು ತೂರಿಸಿರುತ್ತಾರೆ. ದೀಪಗಳಿರುವ ಪ್ಯಾನೆಲ್‌ನ ಗುಂಡಿ ಒತ್ತಿದಾಗ 12 ವೋಲ್ಟ್ ಬ್ಯಾಟರಿಯಿಂದ ಒಂದು ಚೂರು ಕರೆಂಟ್ ಅಲ್ಲಿಗೆ ಹೋಗುತ್ತದೆ. ಕೆಳಗಿನ ಬೋಲ್ಟಿನಿಂದ ಮೇಲಿನ ಬೋಲ್ಟಿನವರೆಗೆ ನೀರಿದ್ದರೆ ಕರೆಂಟ್ ಹರಿದು ದೀಪ ಹತ್ತುತ್ತದೆ. ಅಷ್ಟೇ. ಅದಕ್ಕೆ ನೀರಿಗೂ ಒದ್ದೆ ಕಾಗದಕ್ಕೂ ವ್ಯತ್ಯಾಸ ಗೊತ್ತಿಲ್ಲ. ಬೋಲ್ಟಿಗೆ ಟಾಯ್ಲೆಟ್ ಪೇಪರ್ ಸುತ್ತಿಕೊಂಡು ಕೆಳಗಿನವರೆಗೆ ಇಳಿಬಿದ್ದಿದ್ದರೆ, ಅಥವಾ ಗೋಡೆಯ ಮೇಲೆ ಒದ್ದೆ ಪಾಚಿಯಂಥ ಪದರ ಕೂತಿದ್ದರೆ, ಟ್ಯಾಂಕ್ ಖಾಲಿಯಿದ್ದರೂ ದೀಪ ಹತ್ತುತ್ತದೆ.

ಒಮ್ಮೆ ಹಳೆಯ ಟ್ರೇಲರ್ ಒಂದರ ಬ್ಲ್ಯಾಕ್ ಟ್ಯಾಂಕನ್ನು ಕೆಳಗಿಳಿಸಿ ಒಳಗೆ ಟಾರ್ಚ್ ಬಿಟ್ಟು ನೋಡಿದ್ದೆ. ಎರಡನೇ ಬೋಲ್ಟಿನ ಸುತ್ತ ಕಾಗದ ಪದರ ಪದರವಾಗಿ ಒಣಗಿ, ಸುಟ್ಟ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟ ಮೇಲೆ ಅದೇ ಪದರ ನೆನೆದು ಮೆತ್ತಗಾಗಿ, ಒಂದು ಭಾಗ ತಾನಾಗಿಯೇ ಕಳಚಿ ಬಿತ್ತು. ಟ್ಯಾಂಕಿಗೆ ಬೇಕಾಗಿರುವುದು ನೀರು ಅಂತ ಅವತ್ತು ನನಗೆ ಮನದಟ್ಟಾಯಿತು. ಅಂಗಡಿಯ ಬಣ್ಣಬಣ್ಣದ ಬಾಟಲಿಗಳೆಲ್ಲ ಆಮೇಲಿನ ಮಾತು.

ಮೊದಲು ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯಿರಿ. ಟ್ಯಾಂಕಿನ ಬೋಲ್ಟ್‌ಗಳು ಕೈಗೆ ಸಿಗುವಂತಿದ್ದರೆ, ಸುಮ್ನೆ ಹತ್ತಿರುವ ದೀಪದ ಬೋಲ್ಟಿನಿಂದ ವೈರ್ ಬಿಚ್ಚಿ. ದೀಪ ಆರಿದರೆ ಕೊಳೆ ಟ್ಯಾಂಕಿನೊಳಗಿದೆ. ಆರದಿದ್ದರೆ ವೈರಿಂಗಿನಲ್ಲೋ ಪ್ಯಾನೆಲ್‌ನಲ್ಲೋ ದೋಷ, ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಟ್ಯಾಂಕ್ ತುಂಬಿದ್ದರೂ ದೀಪ ಹತ್ತುವುದೇ ಇಲ್ಲ ಅಂತಾದರೆ ಉಲ್ಟಾ ಪರೀಕ್ಷೆ ಮಾಡಿ: ಆ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ ಹೊರಗಿನಿಂದಲೇ ಒಂದು ತುಂಡು ವೈರ್ ತಾಗಿಸಿ. ಆಗ ದೀಪ ಹತ್ತಿದರೆ ಪ್ಯಾನೆಲ್, ವೈರ್ ಎರಡೂ ಸರಿಯಿವೆ. ಕೆಲವು ಟ್ರೇಲರ್‌ಗಳಲ್ಲಿ ಟ್ಯಾಂಕಿನ ಕೆಳಗೆ ಪೂರ್ತಿ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅಂಥದ್ದಾದರೆ ಅದನ್ನು ಬಿಚ್ಚುವ ಮೊದಲು ತೊಳೆದೇ ನೋಡಿ.

ತೊಳೆಯುವುದು ಹೀಗೆ. ಡಂಪ್ ಮಾಡಿದ ಮೇಲೆ ವಾಲ್ವ್ ಮುಚ್ಚಿ. ಮೂರರಲ್ಲಿ ಎರಡು ಭಾಗ ನೀರು ತುಂಬಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ. ಎಂಜೈಮ್ ಇರುವ ಟ್ಯಾಂಕ್ ಕ್ಲೀನರ್ ಹಾಕಿದರೆ ಇನ್ನೂ ಒಳ್ಳೆಯದು. ಒಂದು ರಾತ್ರಿ, ಸಾಧ್ಯವಾದರೆ ಎರಡು ದಿನ ನೆನೆಯಲು ಬಿಡಿ. ಆಮೇಲೆ ತಿರುವು ಮುರುವು ರಸ್ತೆಯಲ್ಲಿ ಓಡಿಸಿಕೊಂಡು ಡಂಪ್ ಸ್ಟೇಷನ್‌ಗೆ ಹೋಗಿ ಖಾಲಿ ಮಾಡಿ. ಒಂದೇ ಸಲಕ್ಕೆ ಸರಿಹೋಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಹಳೆಯ ಮಾಲೀಕರು ಎಂಟು ವರ್ಷ ಕೂಡಿಟ್ಟಿದ್ದು ಅಲ್ವಾ, ಎರಡು ಮೂರು ಸಲ ಬೇಕಾಗುತ್ತದೆ.

ಬ್ಲೀಚ್ ಮಾತ್ರ ಹಾಕಬೇಡಿ. ಮೂತ್ರದಲ್ಲಿರುವ ಅಮೋನಿಯಾದ ಜೊತೆ ಸೇರಿದರೆ ಶ್ವಾಸಕೋಶಕ್ಕೆ ಅಪಾಯ ಮಾಡುವ ಗಾಳಿ ಹುಟ್ಟುತ್ತದೆ, ವಾಲ್ವಿನ ರಬ್ಬರ್ ಕೂಡ ಹಾಳಾಗುತ್ತದೆ. ಹೊರಗಿನಿಂದ ಹೋಸ್ ಸಿಕ್ಕಿಸಿ ಟ್ಯಾಂಕ್ ತೊಳೆಯುವ ಫ್ಲಶ್ ಇನ್‌ಲೆಟ್ ನಿಮ್ಮಲ್ಲಿದ್ದರೆ, ಡಂಪ್ ವಾಲ್ವ್ ತೆರೆದಿದ್ದಾಗಲೇ ಬಳಸಿ, ಅಲ್ಲೇ ನಿಂತಿರಿ. ವಾಲ್ವ್ ಮುಚ್ಚಿ ನೀರು ಬಿಟ್ಟು ಯಾರೊಂದಿಗೋ ಮಾತಾಡುತ್ತಾ ನಿಂತರೆ ಗಲೀಜು ಟಾಯ್ಲೆಟ್‌ನಿಂದ ಮೇಲೆ ಬಂದು ಮನೆ ತುಂಬುತ್ತದೆ. ಒಂದು ಕುಟುಂಬ ಪ್ರವಾಸದ ಮೊದಲ ದಿನವೇ ಕಾರ್ಪೆಟ್ ಕಿತ್ತು ಹೊರಗೆ ಹಾಕಿದ್ದನ್ನು ನೋಡಿದ್ದೇನೆ, ಪಾಪ. ಆ ಹೋಸ್ ಅದೊಂದಕ್ಕೇ ಇರಲಿ. ಕುಡಿಯುವ ನೀರಿನ ಹೋಸ್ ಅದರ ಹತ್ತಿರವೂ ಸುಳಿಯಬಾರದು.

ಇನ್ನು ನಿಮ್ಮ ಗ್ರೇ ಟ್ಯಾಂಕ್. ಸ್ನಾನದ ನೀರು, ಪಾತ್ರೆ ತೊಳೆದ ನೀರು ಹೋಗುವ ಟ್ಯಾಂಕಿಗೆ ಏನು ಅಂಟುತ್ತದೆ ಅಂತ ಅನಿಸಬಹುದು. ನಮ್ಮ ಅಡುಗೆ ನೆನಪು ಮಾಡಿಕೊಳ್ಳಿ: ಒಗ್ಗರಣೆ ಎಣ್ಣೆ, ತುಪ್ಪ, ಅನ್ನದ ಗಂಜಿ, ಸಾರಿನ ತಳದಲ್ಲಿ ಉಳಿದ ಬೇಳೆ. ಇದಕ್ಕೆ ಸೋಪು ಸೇರಿದರೆ ಬೋಲ್ಟಿನ ಮೇಲೆ ಜಿಡ್ಡಿನ ಪದರ ಕೂರುತ್ತದೆ. ಒದ್ದೆಯಿದ್ದಾಗ ಅದು ಫುಲ್ ಅನ್ನುತ್ತದೆ, ಒಣಗಿದಾಗ ಖಾಲಿ ಅನ್ನುತ್ತದೆ. ನಿಮ್ಮ ಬೆಳಿಗ್ಗೆ ಸಂಜೆಯ ಕಥೆಗೆ ಬಹುಶಃ ಇದೇ ಕಾರಣ. ಪಾತ್ರೆಯನ್ನು ಪೇಪರ್ ಟವೆಲ್‌ನಿಂದ ಒರೆಸಿ ಆಮೇಲೆ ತೊಳೆಯಿರಿ. ಸಿಂಕಿಗೆ ಸಣ್ಣ ಜಾಲರಿ ಹಾಕಿ, ಸಾಸಿವೆ, ಕರಿಬೇವು ಅಲ್ಲೇ ನಿಲ್ಲಲಿ.

ಒಂದು ವಿಷಯದಲ್ಲಿ ನಮ್ಮ ಅಭ್ಯಾಸ ತುಂಬ ಒಳ್ಳೆಯದು. ಅಪ್ಪ, ಅಮ್ಮ ಚೊಂಬು ಕೇಳುತ್ತಾರೆ, ಕೊಡಿ. ಬ್ಲ್ಯಾಕ್ ಟ್ಯಾಂಕಿಗೆ ಕಾಗದ ಕಡಿಮೆ, ನೀರು ಜಾಸ್ತಿ ಹೋಗುತ್ತದೆ. ನೀರು ಉಳಿಸಬೇಕು ಅಂತ ಇದೊಂದು ಕಡೆ ಹೋಗಬೇಡಿ. ಕಾಗದ ಬಳಸುವವರು ಸೆಪ್ಟಿಕ್‌ಗೆ ಆಗುವಂಥದ್ದನ್ನೇ ತರಲಿ. ಗಾಜಿನ ಬಾಟಲಿಗೆ ನೀರು ಹಾಕಿ ಎರಡು ತುಂಡು ಕಾಗದ ಬಿಟ್ಟು ಅಲುಗಾಡಿಸಿ. ಚೂರು ಚೂರಾಗಿ ಕರಗಿದರೆ ಸರಿ, ಹಾಗೇ ಉಳಿದರೆ ಬೇಡ. ವೆಟ್ ವೈಪ್ಸ್ ಎಂದೂ ಹಾಕಬೇಡಿ, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ.

ಪ್ರತಿ ಡಂಪ್ ಆದ ಮೇಲೆ ಎರಡು ಮೂರು ಗ್ಯಾಲನ್, ಅಂದರೆ ಸುಮಾರು 8ರಿಂದ 11 ಲೀಟರ್ ನೀರನ್ನು ಬ್ಲ್ಯಾಕ್ ಟ್ಯಾಂಕಿಗೆ ಹಾಕಿಯೇ ಹೊಸದಾಗಿ ಶುರು ಮಾಡಿ. ಸೀವರ್ ಹುಕ್‌ಅಪ್ (ಗಾಡಿಯ ಹೋಸನ್ನು ನೇರ ಒಳಚರಂಡಿಗೆ ಜೋಡಿಸುವ ಸೌಲಭ್ಯ) ಇರುವ ಕಡೆ ನಿಂತಿದ್ದರೂ ಬ್ಲ್ಯಾಕ್ ವಾಲ್ವ್ ಮುಚ್ಚೇ ಇರಲಿ. ತೆರೆದಿಟ್ಟರೆ ನೀರು ಹರಿದುಹೋಗಿ, ಗಟ್ಟಿ ಭಾಗ ಟಾಯ್ಲೆಟ್‌ನ ಕೆಳಗೆ ಗುಡ್ಡೆಯಾಗಿ ಕೂರುತ್ತದೆ. ಮೂರರಲ್ಲಿ ಎರಡು ಭಾಗ ತುಂಬಿದ ಮೇಲೆ ಒಮ್ಮೆಲೇ ಬಿಟ್ಟರೆ ಆ ರಭಸಕ್ಕೆ ಎಲ್ಲ ಹೋಗುತ್ತದೆ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಹೋಸನ್ನು ತೊಳೆದುಕೊಂಡು ಹೋಗುತ್ತದೆ.

ದೀಪ ನಂಬದೆ ತುಂಬಿದೆ ಅಂತ ಗೊತ್ತಾಗುವುದು ಹೇಗೆ? ಲೆಕ್ಕ ಇಡಿ. ಟಾಯ್ಲೆಟ್‌ಗೆ ಒಂದು ಸಲ ಹೋದರೆ ನೀರೆಲ್ಲ ಸೇರಿ 2 ಲೀಟರ್ ಅಂದುಕೊಳ್ಳಿ. ನಾಲ್ಕು ಜನ, ದಿನಕ್ಕೆ ನಾಲ್ಕು ಸಲ ಅಂದರೆ 32 ಲೀಟರ್. ನಿಮ್ಮದು 40 ಗ್ಯಾಲನ್ ಟ್ಯಾಂಕ್ ಆಗಿದ್ದರೆ ಸುಮಾರು 150 ಲೀಟರ್ ಹಿಡಿಸುತ್ತದೆ. ಮೂರು ದಿನಕ್ಕೆ ಮೂರರಲ್ಲಿ ಎರಡು ಭಾಗ ಆಗುತ್ತದೆ. ಜೊತೆಗೆ ಟಾಯ್ಲೆಟ್ ಟ್ಯಾಂಕಿನ ನೇರ ಮೇಲೇ ಇದ್ದರೆ ಪೆಡಲ್ ಒತ್ತಿ ಟಾರ್ಚ್ ಬಿಟ್ಟು ನೋಡಿ. ಶಬ್ದಕ್ಕೂ ಕಿವಿಗೊಡಿ. ಖಾಲಿಯಿದ್ದಾಗ ನೀರು ಬಾವಿಗೆ ಬಿದ್ದ ಹಾಗೆ ಕೇಳುತ್ತದೆ, ತುಂಬುತ್ತಾ ಬಂದಾಗ ಗುಳುಗುಳು ಅಂತ ಗುಳ್ಳೆ ಮೇಲೆ ಬರುತ್ತದೆ. ಗ್ರೇ ಟ್ಯಾಂಕ್ ತುಂಬಿದರೆ ಸ್ನಾನದ ಜಾಗದ ಡ್ರೈನ್‌ನಲ್ಲೇ ಮೊದಲು ಕೊಳಕು ನೀರು ಮೇಲೇಳುತ್ತದೆ.

ಯೊಸೆಮಿಟಿ ಒಳಗಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹುಕ್‌ಅಪ್ ಇಲ್ಲ, ನೆನಪಿರಲಿ. ಕಣಿವೆಯಲ್ಲಿ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡ್ ಹತ್ತಿರ ಡಂಪ್ ಸ್ಟೇಷನ್ ಇದೆ. ಮೂರನೇ ದಿನ ಅಲ್ಲಿಗೆ ಹೋಗುವ ಹಾಗೆ ಯೋಜನೆ ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ, ಹಳೆಯ ಬೋಲ್ಟ್ ತೆಗೆದು ಅದೇ ಥರದ ಬೋಲ್ಟ್ ಹಾಕುವುದಕ್ಕೆ ಹಣ ಖರ್ಚು ಮಾಡಬೇಡಿ. ಟ್ಯಾಂಕಿನ ಹೊರಗೆ ಅಂಟಿಸುವ ಪಟ್ಟಿಗಳು ಬರುತ್ತವೆ, ಸೀಲೆವೆಲ್ ಅಂಥದ್ದೊಂದು. ಅವು ಗೋಡೆಯ ಆಚೆಯಿಂದಲೇ ಮಟ್ಟ ಅಳೆದು ಶೇಕಡಾ ಲೆಕ್ಕದಲ್ಲಿ ತೋರಿಸುತ್ತವೆ. ಕೊಳೆ ಅವನ್ನು ಮುಟ್ಟುವುದೇ ಇಲ್ಲ. ಪ್ಲಾಸ್ಟಿಕ್ ಟ್ಯಾಂಕಿಗೆ ಮಾತ್ರ ಆಗುತ್ತದೆ. ಒಳಗೋಡೆಯಲ್ಲಿ ದಪ್ಪ ಪದರವಿದ್ದರೆ ಅದೂ ತಪ್ಪು ತೋರಿಸಬಹುದು, ಹಾಗಾಗಿ ತೊಳೆದ ಮೇಲೆಯೇ ಹಾಕಿಸಿ.

ಪ್ರಶ್ನೆ: ಯೆಲ್ಲೋಸ್ಟೋನ್‌ಗೆ ಬಾಡಿಗೆ ಮೋಟರ್‌ಹೋಮ್ ತಗೊಳ್ತಿದ್ದೇವೆ. ಗಾಡಿ ಕೊಡುವಾಗಲೇ ಬ್ಲ್ಯಾಕ್ ಟ್ಯಾಂಕ್ ಅರ್ಧಕ್ಕಿಂತ ಜಾಸ್ತಿ ತೋರಿಸಿದರೆ?

ಉತ್ತರ: ‘ಅದು ಯಾವಾಗಲೂ ಹಾಗೇ ತೋರಿಸುತ್ತೆ’ ಅನ್ನುತ್ತಾರೆ. ನಿಜವೂ ಇರಬಹುದು, ಆದರೆ ಅವರ ಎದುರೇ ಟಾರ್ಚ್ ಹಾಕಿ ನೋಡಿ. ಪ್ಯಾನೆಲ್ ಫೋಟೊ ತೆಗೆದು, ‘ಟ್ಯಾಂಕ್ ಖಾಲಿ, ಸೆನ್ಸರ್ ತಪ್ಪು’ ಅಂತ ಒಪ್ಪಂದದ ಹಾಳೆಯಲ್ಲಿ ಬರೆಸಿಕೊಳ್ಳಿ. ವಾಪಸ್ ಕೊಡುವಾಗ ಟ್ಯಾಂಕ್ ಖಾಲಿಯಿಲ್ಲ ಅಂತ ದಂಡ ಹಾಕುವ ಕಡೆ ಈ ಒಂದು ಸಾಲು ಕೆಲಸಕ್ಕೆ ಬರುತ್ತದೆ. ಪಾರ್ಕಿನೊಳಗೆ ಸೀವರ್ ಹುಕ್‌ಅಪ್ ಇರುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿನಲ್ಲಿ ಮಾತ್ರ, ಅಲ್ಲಿ ಜಾಗ ಬೇಗ ತುಂಬುತ್ತದೆ. ಸಿಗದಿದ್ದರೆ ಹೊರಡುವ ಹಿಂದಿನ ರಾತ್ರಿಯೇ ದಾರಿಯಲ್ಲಿ ಸಿಗುವ ಡಂಪ್ ಸ್ಟೇಷನ್ ಒಂದನ್ನು ಗುರುತು ಹಾಕಿಟ್ಟುಕೊಳ್ಳಿ, ರಬ್ಬರ್ ಗ್ಲೌಸ್ ಒಂದು ಡಬ್ಬ ಗಾಡಿಯಲ್ಲಿರಲಿ.