ಜರ್ಮನಿಗೆ ಓದೋಕೆ: ಎಷ್ಟು ದುಡ್ಡು, ಎಲ್ಲಿ ರೂಮು?

ಪ್ರಶ್ನೆ: ಮೇಡಂ, ಜರ್ಮನಿಯಲ್ಲಿ ಮಾಸ್ಟರ್ಸ್ ಸೀಟ್ ಸಿಕ್ಕಿದೆ. ಅಪ್ಪ ರೇಷ್ಮೆಗೂಡು ಮಾರಿ ಕೂಡಿಟ್ಟಿದ್ದು ಸ್ವಲ್ಪ ಇದೆ, ಫೀಸೇ ಇಲ್ಲ ಅಂತಾರಲ್ಲ, ಎಷ್ಟು ಬೇಕಾಗುತ್ತೆ? ರೂಮು ಇಲ್ಲಿಂದ್ಲೇ ಹಿಡೀಬೋದಾ?
– ಓದುಗ, ಚಿಂತಾಮಣಿ

ಉತ್ತರ: ತುಂಬಾ ಖುಷಿಯಾಯ್ತಪ್ಪ. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸಿಲ್ಲ ನಿಜ, ಆದ್ರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಾದ್ರೆ ಸೆಮಿಸ್ಟರ್‌ಗೆ 1,500 ಯೂರೋ ಕಟ್ಬೇಕು, ಅದನ್ನ ಮೊದ್ಲು ನೋಡ್ಕೋ. ವೀಸಾಗೆ ಸಾಮಾನ್ಯವಾಗಿ ಬ್ಲಾಕ್ಡ್ ಅಕೌಂಟಲ್ಲಿ (ಅಂದ್ರೆ ಒಟ್ಟಿಗೆ ದುಡ್ಡು ತೆಗೆಯೋಕಾಗದ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸ್ಬೇಕು, ಅದು ತಿಂಗಳಿಗೆ 992ರಂತೆ ಮಾತ್ರ ಕೈಗೆ ಬರೋದು, ಅದೂ ಅಲ್ಲಿಗೆ ಹೋಗಿ ಇನ್ನೊಂದು ಮಾಮೂಲಿ ಬ್ಯಾಂಕ್ ಅಕೌಂಟ್ ಓಪನ್ ಆದ್ಮೇಲೆ, ಹಾಗಾಗಿ ಮೊದಲ ತಿಂಗಳ ಖರ್ಚಿಗೆ, ರೂಮಿನ ಅಡ್ವಾನ್ಸ್‌ಗೆ ಬೇರೆ ದುಡ್ಡು ಇಟ್ಕೊಂಡೇ ಫ್ಲೈಟ್ ಹತ್ತು. ಅಡ್ವಾನ್ಸ್ ಕಾನೂನು ಪ್ರಕಾರ ಮೂರು ತಿಂಗಳ ಬಾಡಿಗೆ ದಾಟೋ ಹಾಗಿಲ್ಲ.

ಸ್ಟುಡೆಂಟ್ ಹಾಸ್ಟೆಲ್‌ಗೆ ಇವತ್ತೇ ಅರ್ಜಿ ಹಾಕು, ವೇಟಿಂಗ್ ಲಿಸ್ಟ್ ಉದ್ದ ಇರುತ್ತೆ. ಓನರ್ ಊರಲ್ಲಿಲ್ಲ, ದುಡ್ಡು ಕಳ್ಸಿ ಕೀ ಪೋಸ್ಟಲ್ಲಿ ಬರುತ್ತೆ ಅಂದ್ರೆ ಒಂದು ರೂಪಾಯಿನೂ ಕಳಿಸ್ಬೇಡ! ಮನೆ ಸೇರಿದ ಎರಡು ವಾರದೊಳಗೆ ಅಡ್ರೆಸ್ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೆ ಓನರ್ ಸೈನ್ ಹಾಕಿದ ಪತ್ರ ಬೇಕು, ಕೊಡ್ತಾರಾ ಅಂತ ಮೊದ್ಲೇ ಕೇಳ್ಕೋ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತೆ, ವಾರದ ಮಧ್ಯ ಬೆಳಿಗ್ಗೆ ಇಳಿಯೋ ಟಿಕೆಟ್ ತಗೋ.